ಕರಿ ಅಂಚಿನ ಕ್ರಿಸ್‌ಮಸ್ ಕಾರ್ಡು

ಮೊದಲೇ ಹೇಳಿಬಿಡುತ್ತೇನೆ. ನನಗೆ ಕಾಗದದಲ್ಲಿ ಏನಾದರೂ ಮಾಡುವುದಕ್ಕಿಂತ, ಮಾಡಲು ಬೇಕಾದ ಸಾಮಾನನ್ನು ಜೋಡಿಸಿಡುವುದರಲ್ಲೇ ಹೆಚ್ಚು ಸುಖ. ಬಣ್ಣದ ಹಾಳೆಗೆ ಒಂದು ಡಬ್ಬಿ, ಹೊಳೆಯುವ ಹಾಳೆಗೆ ಇನ್ನೊಂದು, ರಿಬ್ಬನ್ನಿಗೆ ಮತ್ತೊಂದು. ಅಂಗೈಗಿಂತ ದೊಡ್ಡ ಚೂರುಗಳು ಬೇರೆ, ಅಂಗೈಗಿಂತ ಚಿಕ್ಕವು ಬೇರೆ. ಪ್ರತಿ ಡಬ್ಬಿಯ ಮೇಲೂ ಚೀಟಿ, ಚೀಟಿಯ ಮೂಲೆಯಲ್ಲಿ ತಾರೀಖು. ಯಾವ ಕತ್ತರಿ ಯಾವತ್ತು ಸಾಣೆಗೆ ಹೋಗಿ ಬಂತು ಎಂಬುದು ನನ್ನ ದಿನಚರಿಯಲ್ಲಿ ಸಿಗುತ್ತದೆ. ಅದೇ ದಿನಚರಿಯಲ್ಲಿ ತಿಂಗಳ ಕೊನೆಗೆ ‘ಮಾಡಿದ ಕಾರ್ಡು’ ಎಂಬ ಕಾಲಮ್ಮೂ ಉಂಟು. ಅಲ್ಲಿ ಬಹುಪಾಲು ಸೊನ್ನೆಗಳಿವೆ. ಸೊನ್ನೆಗಳನ್ನು ಮಾತ್ರ ಬಹಳ ದುಂಡಗೆ ಬರೆದಿದ್ದೇನೆ.

ಡಬ್ಬಿಗಳೆಲ್ಲ ಇರುವುದು ಅಟ್ಟದ ಮೇಲೆ, ಕೊಬ್ಬರಿಗೆಂದು ಬಿಟ್ಟ ಕಾಯಿಗಳ ಪಕ್ಕದಲ್ಲಿ. ತಿಪಟೂರಿನ ಅಟ್ಟವೆಂದರೆ ಅವಸರವಿಲ್ಲದ ಜಾಗ. ಬಿಳಿಗೆರೆಯ ತೋಟದಿಂದ ಬಂದ ಕಾಯಿ ಅಲ್ಲಿ ಹೆಚ್ಚು ಕಡಿಮೆ ಒಂದು ವರ್ಷ ಸುಮ್ಮನೆ ಬಿದ್ದಿರುತ್ತದೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಒಂದು ದಿನ ಉಂಡೆ ಕೊಬ್ಬರಿಯ ಗಿಟುಕಾಗಿ ಎದ್ದು ಬರುತ್ತದೆ. ನನ್ನ ಹಾಳೆಗಳೂ ಹಾಗೆಯೇ, ಒಳಗೊಳಗೇ ಮಾಗುತ್ತಿವೆ ಎಂದು ಒಮ್ಮೆ ಅಮ್ಮನಿಗೆ ಹೇಳಿದೆ. ಅಮ್ಮ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, “ಇದು ಆಗೈತೆ ಅಂತ ತಾನೇ ಹೇಳ್ತದೆ, ಲೊಟಲೊಟ ಅಂತ. ನಿನ್ನ ಡಬ್ಬಿ ಏನಂತದೆ?” ಎಂದು ಕೇಳಿದಳು. ನಾನು ಡಬ್ಬಿಯನ್ನು ಅಲ್ಲಾಡಿಸಲು ಹೋಗಲಿಲ್ಲ. ಒಳಗೆ ಮಿನುಗುಪುಡಿ ಇತ್ತು.

ಕಚ್ಚಾ ಸಾಮಾನಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಮದುವೆ ಕಾಲ ಬಂತೆಂದರೆ ಮನೆಗೆ ಬರುವ ಲಗ್ನಪತ್ರಿಕೆಗಳನ್ನು ಒಂದರ ಮೇಲೊಂದಿಟ್ಟರೆ ಕೂರಲು ಮಣೆಯಾಗುತ್ತದೆ. ದಪ್ಪ ಹಾಳೆ, ಚಿನ್ನದ ಬಣ್ಣ, ಮಕಮಲ್ಲಿನ ಹೂವು. ಇಂಥದ್ದನ್ನು ಅಂಗಡಿಯಲ್ಲಿ ಕೊಳ್ಳುವವರು ದಡ್ಡರು. ಒಂದೇ ತೊಂದರೆಯೆಂದರೆ ಅವುಗಳ ಮೇಲೆ ದೇವರಿರುತ್ತಾನೆ. ದೇವರನ್ನು ಕತ್ತರಿಸುವಂತಿಲ್ಲ, ಬಿಸಾಡುವಂತಿಲ್ಲ ಎಂಬುದು ಅಜ್ಜಿಯ ಕಟ್ಟಪ್ಪಣೆ. ಹೀಗಾಗಿ ಪ್ರತಿ ಪತ್ರಿಕೆಯಿಂದಲೂ ಗಣೇಶನನ್ನು ಸೊಂಡಿಲಿಗೆ ನೋವಾಗದಂತೆ ಸುತ್ತಲೂ ಬಿಡಿಸಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತೇನೆ. ಆ ಡಬ್ಬಿ ತುಂಬಿ ಈಗ ಎರಡನೆಯದು ನಡೆಯುತ್ತಿದೆ. ನನ್ನ ಸಂಗ್ರಹದಲ್ಲಿ ಉಪಯೋಗಕ್ಕೆ ಬಾರದೆ ಬೆಳೆಯುತ್ತಲೇ ಇರುವ ವಿಭಾಗ ಅದೊಂದೇ. ಅದರ ಮೇಲಿನ ಚೀಟಿಗೆ ತಾರೀಖು ಬರೆದಿಲ್ಲ.

ಹೀಗೆ ಜೋಡಿಸುವುದರಲ್ಲೇ ಕಾಲ ಹೋಗುತ್ತಿದ್ದ ನನ್ನನ್ನು ಹೋದ ವರ್ಷ ಕೆಲಸಕ್ಕೆ ಹಚ್ಚಿದವರು ಮರ್ಸಿ ಮಿಸ್.

ಮಿಸ್ ಹುಳಿಯಾರಿನ ಶಾಲೆಯಿಂದ ತಿಪಟೂರಿಗೆ ವರ್ಗವಾಗಿ ಬಂದು, ನಮ್ಮ ಬೀದಿಯಲ್ಲೇ ಮನೆ ಹಿಡಿದಿದ್ದರು. ಅವರು ಮತ್ತು ಅವರ ಯಜಮಾನರು, ಇಬ್ಬರೇ. ಬೀದಿ ತುಂಬ ಕೊಬ್ಬರಿ ಮಂಡಿಯವರು, ತೋಟದವರು, ಅಂಗಡಿಯವರು. ಕ್ರಿಶ್ಚಿಯನ್ನರ ಮನೆ ಅದೊಂದೇ. ಎಲ್ಲರೂ ಮಿಸ್ ಜೊತೆ ಚೆನ್ನಾಗಿಯೇ ಮಾತಾಡುತ್ತಿದ್ದರು. ಸೊಪ್ಪಿನ ಬೆಲೆ, ನೀರು ಬಿಡುವ ಹೊತ್ತು, ಮಕ್ಕಳ ಮಾರ್ಕ್ಸು, ಎಲ್ಲವೂ ಬರುತ್ತಿತ್ತು. ಆದರೆ ಅಷ್ಟೂ ಮಾತು ಗೇಟಿನ ಬಳಿಯೇ ಮುಗಿಯುತ್ತಿತ್ತು. ಮಿಸ್ “ಒಳಗೆ ಬನ್ನಿ” ಅನ್ನುವುದು, ಇವರು “ಇನ್ನೊಂದಪ ಬತ್ತೀವಿ ಬುಡಿ ಮಿಸ್ಸೇ” ಅನ್ನುವುದು. ಆರು ತಿಂಗಳಾದರೂ ಆ ‘ಇನ್ನೊಂದು ಸಲ’ ಬಂದಿರಲಿಲ್ಲ.

“ಕ್ರಿಸ್‌ಮಸ್ಸಿಗೆ ಬೀದೀನೆಲ್ಲ ಊಟಕ್ಕೆ ಕರೀಬೇಕು ಅಂತ ಆಸೆ ಕಣೇ,” ಎಂದರು ಮಿಸ್ ಒಂದು ಸಂಜೆ. “ಬರೀ ಬಾಯಲ್ಲಿ ಕರೆದ್ರೆ ಗೇಟಿಂದಾನೇ ತಲೆ ಆಡಿಸಿ ಹೋಗ್ತಾರೆ. ಕೈಯಲ್ಲಿ ಮಾಡಿದ ಕಾರ್ಡು ಕೊಟ್ರೆ ದಾಕ್ಷಿಣ್ಯಕ್ಕಾದ್ರೂ ಬರಬೋದು. ಮಾಡಿಕೊಡ್ತೀಯ? ಪೂರ್ತಿ ಸಸ್ಯಾಹಾರ, ಕೇಕಿಗೂ ಮೊಟ್ಟೆ ಹಾಕಲ್ಲ ಅಂತ ಒಳಗಡೆ ದಪ್ಪಕ್ಷರದಲ್ಲಿ ಬರಿ.”

ಹದಿನೆಂಟು ಮನೆಗೆ ಹದಿನೆಂಟು ಕಾರ್ಡು. ಊಟ ಮುಗಿಸಿ ಹೊರಡುವಾಗ ಕೊಡುವ ಕರ್ಜಿಕಾಯಿ ಡಬ್ಬಿಗೆ ಕಟ್ಟಲು, ಆಯಾ ಮನೆಯವರ ಹೆಸರು ಬರೆದ ಹದಿನೆಂಟು ಟ್ಯಾಗು. ದಿನಚರಿಯ ಕಾಲಮ್ಮಿನಲ್ಲಿ ಕೊನೆಗೂ ಎರಡಂಕಿ ಬರುವ ಯೋಗ! ಅಟ್ಟದಿಂದ ಎಲ್ಲ ಡಬ್ಬಿಯನ್ನೂ ಇಳಿಸಿದೆ.

ಇಳಿಸಿದ ಮೇಲೆ ತಲೆಗೆ ಕಲೆ ಹತ್ತಿತು. ಫೋನಿನಲ್ಲಿ ದೂರದೇಶದ ಹುಡುಗಿಯರು ಕಾರ್ಡು ಮಾಡುವ ವೀಡಿಯೊಗಳನ್ನು ಒಂದರ ಹಿಂದೊಂದು ನೋಡಿದೆ. ಅವರೆಲ್ಲ ಬಣ್ಣ ಬಿಟ್ಟುಬಿಟ್ಟಿದ್ದರು. ಬಿಳಿ ಹಾಳೆ, ಒಂದು ಗೆರೆ, ಒಂದು ಚಿತ್ರ, ಅಷ್ಟೇ. ನನ್ನ ಕೆಂಪು ರಿಬ್ಬನ್, ಹಸಿರು ಹಾಳೆ, ಮಿನುಗುಪುಡಿ ಎಲ್ಲವೂ ಇದ್ದಕ್ಕಿದ್ದಂತೆ ಸಂತೆಯ ಸಾಮಾನಿನ ಹಾಗೆ ಕಂಡವು. ಅವನ್ನೆಲ್ಲ ಮತ್ತೆ ಅಟ್ಟಕ್ಕೇರಿಸಿದೆ. ದಪ್ಪನೆಯ ಬಿಳಿ ಹಾಳೆ ಮಡಿಸಿ, ಸುತ್ತಲೂ ಸ್ಕೇಲಿಟ್ಟು ಸಣ್ಣಗೆ ಕರಿ ಅಂಚು ಎಳೆದೆ. ನಡುವೆ ಉರಿಯುವ ಒಂದೇ ಒಂದು ಮೇಣದ ಬತ್ತಿ ಬಿಡಿಸಿದೆ. ಮಡಿಕೆ ಬಿಚ್ಚಿಕೊಳ್ಳದಂತೆ ಕರಿ ದಾರದ ಒಂದು ಸುತ್ತು ಕಟ್ಟಿದೆ. ತಿಂಡಿ ಡಬ್ಬಿ ಹಿಡಿದು ಹೊರಟಿದ್ದ ಅಮ್ಮ ಒಂದು ಕ್ಷಣ ನಿಂತು ನೋಡಿ, “ಚೆನ್ನಾಗೈತೆ ಕಣೇ. ಒಂಥರಾ ಶಾಂತಿ ಐತೆ” ಎಂದಳು. ಅದನ್ನು ಹೊಗಳಿಕೆಯೆಂದು ತಾರೀಖು ಸಮೇತ ಬರೆದಿಟ್ಟುಕೊಂಡೆ. ಮಿಸ್ ಕೂಡ ಮಾದರಿ ನೋಡಿ, “ಇದೇ ಇರ್ಲಿ” ಎಂದರು.

ಭಾನುವಾರ ಬೆಳಿಗ್ಗೆ ಮನೆಮನೆಗೂ ಹೋಗಿ, “ಮಿಸ್ ಕೊಟ್ರು” ಎಂದು ಕೊಟ್ಟು ಬಂದೆ. ಜನ ಎರಡೇ ಬೆರಳಲ್ಲಿ, ತುದಿ ಹಿಡಿದು ತೆಗೆದುಕೊಂಡರು. ಮುಖ ಗಂಭೀರವಾಗಿತ್ತು. ಕೆಲವರು ತಲೆ ತಗ್ಗಿಸಿದರು. ಕೈಯಲ್ಲಿ ಮಾಡಿದ ವಸ್ತುವಿಗೆ ನಮ್ಮ ಜನ ಇಷ್ಟು ಗೌರವ ಕೊಡುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಮೂರು ದಿನ ಬೀದಿ ಗಪ್‌ಚಿಪ್. ಯಾರೂ ಕಾರ್ಡಿನ ಮಾತೆತ್ತಲಿಲ್ಲ. ಎದುರು ಮನೆಯ ಗಂಗಕ್ಕನ ಕಾರ್ಡು ಹೊರಗಿನ ಕಿಟಕಿ ಸರಳಿಗೇ ಸಿಕ್ಕಿಸಿತ್ತು, ದಾರ ಕೂಡ ಬಿಚ್ಚಿರಲಿಲ್ಲ. ಮತ್ತೊಂದು ಮನೆಯದು ಕಾಂಪೌಂಡಿನ ಮೇಲೆ, ಹಾರದಿರಲೆಂದು ಕಲ್ಲು ಹೇರಿಸಿಕೊಂಡು ಕೂತಿತ್ತು. ಬೀದಿಯವರು ಮಿಸ್ ಮನೆ ಮುಂದೆ ಬಂದಾಗ ಬಿರಬಿರನೆ ನಡೆದು ದಾಟಿಬಿಡುತ್ತಿದ್ದರು. ಗೇಟಿನ ಮಾತೂ ನಿಂತಿತು.

ಬುಧವಾರ ಮಿಸ್ ನನ್ನನ್ನು ಕರೆದು, “ಯಾರಾದ್ರೂ ಏನಾದ್ರೂ ಅಂದ್ರಾ?” ಎಂದರು. ಇಲ್ಲವೆಂದೆ. ಅವರು ಸೆರಗಿನ ತುದಿ ಮಡಿಸಿದರು. “ಇರ್ಲಿ ಬಿಡು. ನಮ್ಮನೆ ಊಟ ಅಂದ್ರೆ ಎಲ್ಲರಿಗೂ ಆಗಬೇಕು ಅಂತೇನಿಲ್ಲ. ದೊಡ್ಡ ಪಾತ್ರೆ ಬಾಡಿಗೆಗೆ ಹೇಳಿದ್ದೆ, ಬೇಡ ಅಂದುಬಿಡ್ತೀನಿ.” ಅಷ್ಟು ಹೇಳಿ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ. ಅದನ್ನು ಇದಕ್ಕೂ ಮೊದಲು, ಬೇರೆ ಊರಿನಲ್ಲಿ, ಬೇರೆ ಬೀದಿಯಲ್ಲಿ ನಕ್ಕು ಅಭ್ಯಾಸವಿದ್ದಂತೆ ಕಾಣುತ್ತಿತ್ತು.

ಅವತ್ತೇ ಸಂಜೆ ಅಜ್ಜಿ ಬಂದಳು. ಹದಿನೈದು ದಿನದಿಂದ ಕಂದಿಕೆರೆಯಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿದ್ದವಳು. ಬ್ಯಾಗು ಹಿಡಿದು ಹೊಸಿಲು ದಾಟಲು ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದಳು. ಮೇಜಿನ ಮೇಲೆ ಉಳಿಕೆಯ ಒಂದು ಕಾರ್ಡು ಇತ್ತು.

“ಯಾರೇ ತೀರ್ಕಂಡಿದ್ದು?”

“ಯಾರೂ ಇಲ್ವಲ್ಲ ಅಜ್ಜಿ.”

“ಯಾರೂ ಇಲ್ದೆ ತಿಥಿ ಕಾರ್ಡು ಮನೆವೊಳಕ್ಕೆ ನಡ್ಕಂಬಂತೇನೇ? ಓದಿ ಅರ್ದು ಆಚೆಗಾಕೋದು ಗೊತ್ತಿಲ್ವೇನೇ ನಿಂಗೆ? ಅರಿಶಿನ ಇಲ್ದಿರೋ ಕಾಗದ ತಂದು ದೀಪ ಅಚ್ಚೋ ಹೊತ್ನಲ್ಲಿ ಮೇಜಿನ ಮ್ಯಾಲಿಟ್ಟವ್ಳೆ!”

ಆಗ ಮೊದಲ ಸಲ ನನ್ನ ಕಾರ್ಡನ್ನು ನಾನು ನೋಡಿದೆ. ಬಿಳಿ ಹಾಳೆ. ಕರಿ ಅಂಚು. ಉರಿಯುವ ಒಂಟಿ ದೀಪ. ಕರಿ ದಾರ. ನಮ್ಮೂರಿನ ಯಾವ ಪ್ರೆಸ್ಸಿನವನಿಗೆ ಹೇಳಿದರೂ ಇದಕ್ಕಿಂತ ಅಚ್ಚುಕಟ್ಟಾದ ತಿಥಿ ಕಾರ್ಡು ಮಾಡಿಕೊಡಲಾರ.

ನಮ್ಮ ಕಡೆ ಕಾಗದವನ್ನು ಓದುವುದು ಅಂಚಿನಿಂದ. ಅಕ್ಷರದ ಸರದಿ ಆಮೇಲೆ. ನಾಲ್ಕು ಮೂಲೆಯಲ್ಲಿ ಅರಿಶಿನವಿದ್ದರೆ ಅದು ಮದುವೆಯೋ ಗೃಹಪ್ರವೇಶವೋ, ನೇರ ದೇವರ ಮುಂದಕ್ಕೆ ಹೋಗುತ್ತದೆ. ಅರಿಶಿನವಿಲ್ಲದೆ ಕರಿ ಗೆರೆಯಿದ್ದರೆ ಹೊಸಿಲಿನ ಹೊರಗೇ ಅದರ ಆಯುಷ್ಯ ಮುಗಿಯುತ್ತದೆ. ಅಂಚಿಲ್ಲದ ಸೀರೆಯನ್ನು ಅಜ್ಜಿ ಸೀರೆಯೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ತೋಟದಲ್ಲಿ ನಡುವಿನ ಐವತ್ತು ಮರದ ಬಗ್ಗೆ ಯಾರೂ ಜಗಳವಾಡುವುದಿಲ್ಲ, ಬದುವಿನ ಮೇಲಿನ ಒಂದು ಮರಕ್ಕೆ ಮೂರು ತಲೆಮಾರು ಮಾತು ಬಿಡುತ್ತಾರೆ. ಅಂಚಿನ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು. ಡಬ್ಬಿಗಟ್ಟಲೆ ಲಗ್ನಪತ್ರಿಕೆಗಳನ್ನು ಕತ್ತರಿಸುವಾಗ ಮೊದಲು ಬೀಳುತ್ತಿದ್ದದ್ದೇ ಆ ಅರಿಶಿನದ ಮೂಲೆಗಳು. ಅವನ್ನು ‘ಕಸ’ ಎಂಬ ಡಬ್ಬಿಗೆ ಹಾಕುತ್ತಿದ್ದೆ.

ಮಿಸ್ ಮನೆಗೆ ಓಡಿದೆ. ಪಾತ್ರೆ ಅಂಗಡಿಯವನಿಗೆ ಫೋನು ಮಾಡಲು ಅವರು ನಂಬರು ಹುಡುಕುತ್ತಿದ್ದರು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿ ಬೈಗುಳಕ್ಕೆ ಕಾದು ನಿಂತೆ.

“ಅಷ್ಟೇನಾ?” ಎಂದರು ಮಿಸ್. ಕುರ್ಚಿಯಲ್ಲಿ ಕೂತರು. “ಕರಿ ಅಂಚಿಗಾ ಬರದೇ ಇದ್ದದ್ದು? ಬರೀ ಅಂಚಿಗಾ?” ನಗಲು ಶುರುಮಾಡಿದವರು ಕಣ್ಣು ಒರೆಸಿಕೊಳ್ಳುವವರೆಗೂ ನಿಲ್ಲಿಸಲಿಲ್ಲ. “ನಂಗೂ ಮೊದಲು ನೋಡಿದಾಗ ಎದೆ ಧಸಕ್ ಅಂತು ಕಣೇ. ಹುಡುಗಿ ಇಷ್ಟು ಆಸೆಪಟ್ಟು ಮಾಡಿದಾಳೆ, ಮನಸ್ಸು ಮುರೀಬಾರ್ದು ಅಂತ ಸುಮ್ನಾದೆ.”

ಪ್ರೀತಿಸುವವರಿಗೆ ಮಾದರಿ ತೋರಿಸಿ ಅಭಿಪ್ರಾಯ ಕೇಳಬಾರದು. ಅದಕ್ಕೆಂದೇ ಊರಿನಿಂದ ಬರುವ ಒಬ್ಬ ಅಜ್ಜಿ ಬೇಕು.

ಇನ್ನೊಂದು ಮಾತು ಕೇಳಬೇಕಿತ್ತು. ಕಾರ್ಡಿಗೆ ಅರಿಶಿನ ಹಚ್ಚಿದರೆ ಮಿಸ್‌ಗೆ ಬೇಜಾರಾಗುತ್ತದೆಯೋ ಏನೋ. ಅಂಜುತ್ತಲೇ ಕೇಳಿದೆ. “ನಮ್ಮಮ್ಮ ನನ್ನ ಮದುವೆ ಕಾರ್ಡಿಗೂ ಹಚ್ಚಿದ್ರು. ಹಚ್ಚು, ಹಚ್ಚು,” ಎಂದರು. “ಕಾರ್ಡು ಹೊಸಿಲು ದಾಟಿದ್ರೆ ಜನಾನೂ ದಾಟ್ತಾರೆ.”

ಮರುದಿನ ಬೆಳಿಗ್ಗೆ ಅಜ್ಜಿ ಮುಂದೆ, ಕೈಯಲ್ಲಿ ಕಲಸಿದ ಅರಿಶಿನದ ಬಟ್ಟಲು. ನಾನು ಹಿಂದೆ, ಕೈಯಲ್ಲಿ ಅಟ್ಟದಿಂದ ಇಳಿಸಿದ ಕೆಂಪು ರಿಬ್ಬನ್. ಮೊದಲು ಎದುರು ಮನೆ. ಗಂಗಕ್ಕನ ಯಜಮಾನರದು ಕೊಬ್ಬರಿ ಮಂಡಿ, ಬೀದಿಯ ಸುದ್ದಿಯೆಲ್ಲ ಗಂಗಕ್ಕನದು. ಅವಳಿಗೆ ವಿಷಯ ತಿಳಿಸಿದೆವು.

“ಯೇ, ಹೋಗಿ ಅತ್ಲಾಗೆ! ಮಿಸ್ಸು ಯಜಮಾನ್ರೇ ಹೋಗ್ಬುಟ್ರು ಅಂದ್ಕಂಡಿದ್ನಲ್ಲವ್ವಾ ನಾನು!”

“ಅವರು ದಿನಾ ಸ್ಕೂಟರಲ್ಲಿ ನಿಮ್ಮ ಮುಂದೇನೇ ಹೋಗ್ತಿದ್ರಲ್ಲ ಗಂಗಕ್ಕ,” ಎಂದೆ.

“ನೋಡ್ದೆ ಕಣೇ. ನೋಡಿ, ಹಂಗಾರೆ ಮಿಸ್ಸು ಅತ್ತೆ ಇರಬೇಕು ಅಂದ್ಕಂಡೆ. ಪಾಪ, ದುಃಖದಲ್ಲಿರೋರ ಮುಂದೆ ನಿಂತ್ಕಂಡು ಸೊಪ್ಪಿನ ರೇಟು ಮಾತಾಡಾಕಾಯ್ತದಾ? ಅದ್ಕೇ ನಾವ್ಯಾರೂ ಆ ಕಡೆ ತಿರುಗ್ಲಿಲ್ಲ.”

“ಒಳಗೆ ತೆಗೆದು ಓದಿದ್ರೆ ಗೊತ್ತಾಗ್ತಿತ್ತಲ್ಲ?”

“ಕರಿ ದಾರ ಕಟ್ಟಿ ಕೊಟ್ಟಿದೀಯ, ಯಾವಳು ಬಿಚ್ತಾಳೆ ಅದನ್ನ?” ಎಂದು ಗಂಗಕ್ಕ ನನ್ನ ತಲೆಗೆ ಮೊಟಕಿದಳು. ಅಜ್ಜಿ ಕಿಟಕಿಯಿಂದ ಕಾರ್ಡು ಕಿತ್ತು, ನಾಲ್ಕು ಮೂಲೆಗೂ ಬೆರಳೊತ್ತಿದಳು. ನಾನು ದಾರ ಕತ್ತರಿಸಿ ರಿಬ್ಬನ್ ಕಟ್ಟಿದೆ. ಆಗ ಗಂಗಕ್ಕ ಅದನ್ನು ಎರಡೂ ಕೈಯಲ್ಲಿ ಈಸಿಕೊಂಡು ಒಳಗೆ ನಡೆದಳು. ಹೀಗೆ ಮಧ್ಯಾಹ್ನದವರೆಗೆ ಸತ್ತವರನ್ನೆಲ್ಲ ಬದುಕಿಸುತ್ತ ಬೀದಿ ಮುಗಿಸಿದೆವು. ಪ್ರತಿ ಮನೆಯವರ ಲೆಕ್ಕದಲ್ಲೂ ಮಿಸ್ ಕಡೆಯ ಒಬ್ಬರಲ್ಲ ಒಬ್ಬರು ತೀರಿಕೊಂಡಿದ್ದರು. ಒಂದು ಮನೆಯವರಂತೂ ಹಾರ ತರಬೇಕೋ ಬೇಡವೋ ಎಂದು ಗಂಡ ಹೆಂಡತಿ ಜಗಳವಾಡಿ ಮುಗಿಸಿದ್ದರು.

ಕ್ರಿಸ್‌ಮಸ್ ದಿನ ದೊಡ್ಡ ಪಾತ್ರೆ ಬಂತು. ಮೊದಲು ಗೇಟು ದಾಟಿದವಳು ಗಂಗಕ್ಕ, ಮಡಿಲಲ್ಲಿ ನಾಲ್ಕು ಕಾಯಿ ಕಟ್ಟಿಕೊಂಡು. ನಕ್ಷತ್ರದ ಲಾಟೀನಿನ ಕೆಳಗೆ ನಿಂತು, “ಇಲ್ಲೇ ಇಷ್ಟು ಚೆಂದ ಇದ್ರೆ ಒಳಗೆಂಗಿರಬೇಡ” ಎನ್ನುತ್ತ ಯಾರೂ ಕರೆಯುವ ಮೊದಲೇ ಒಳಗೆ ಹೋದಳು. ಹದಿನಾರು ಮನೆಯವರು ಬಂದರು. ಇನ್ನೆರಡು ಮನೆಯವರು ಬರಲಿಲ್ಲ. ಅವರ ಕಾರ್ಡಿಗೂ ಅಷ್ಟೇ ಅರಿಶಿನ ಹಚ್ಚಿದ್ದೆವು. ಅವಕ್ಕೆ ಹಚ್ಚಲು ಅಜ್ಜಿ ಮರೆತಿರಬಹುದು ಎಂದು ನಾನು ಸಮಾಧಾನಕ್ಕೆ ಸುಳ್ಳು ಹೇಳಲು ಹೋದಾಗ ಮಿಸ್, “ಹದಿನಾರು ಎಷ್ಟು ದೊಡ್ಡ ಸಂಖ್ಯೆ ಗೊತ್ತೇನೇ?” ಎಂದು ನನ್ನ ತಟ್ಟೆಗೆ ಇನ್ನೊಂದು ತುಂಡು ಕೇಕು ಹಾಕಿದರು.

ಈ ವರ್ಷ ಡಿಸೆಂಬರ್ ಬರುವ ಮೊದಲೇ ನಾನು ತಯಾರಾಗಿದ್ದೆ. ‘ಕಸ’ ಎಂಬ ಚೀಟಿ ಕಿತ್ತು ‘ಮೂಲೆಗಳು’ ಎಂದು ಬರೆದೆ. ಅಂಟು ಮತ್ತು ಮಿನುಗುಪುಡಿಯ ನಡುವೆ ಅರಿಶಿನದ ಒಂದು ಡಬ್ಬಿಯೂ ಬಂತು. ಆದರೆ ಮಿಸ್, “ಈ ಸಲ ಕಾರ್ಡು ಬೇಡ ಕಣೇ. ದೀಪಾವಳಿ ಮುಗಿದಾಗಿಂದ ಎಲ್ಲರೂ ‘ಊಟ ಯಾವತ್ತು ಮಿಸ್ಸೇ’ ಅಂತ ಅವರೇ ಕೇಳ್ತಾವ್ರೆ” ಎಂದುಬಿಟ್ಟರು. ಕಾಲಮ್ಮಿನಲ್ಲಿ ಮತ್ತೆ ಸೊನ್ನೆ. ಇಷ್ಟು ಖುಷಿಯಿಂದ ಬರೆದ ಸೊನ್ನೆ ನನ್ನ ದಿನಚರಿಯಲ್ಲಿ ಇನ್ನೊಂದಿಲ್ಲ.

ಟ್ಯಾಗುಗಳನ್ನಾದರೂ ಮಾಡೋಣವೆಂದು ಹೊರಟೆ. ಅದಕ್ಕೂ ಗಂಗಕ್ಕ ಅಡ್ಡ ಬಂದಳು. ಹೋದ ವರ್ಷ ಕರ್ಜಿಕಾಯಿ ತುಂಬಿಕೊಂಡು ಅವಳ ಮನೆಗೆ ಹೋದ ಮಿಸ್ ಡಬ್ಬಿ ಬರಿದಾಗಿ ಹಿಂದಿರುಗುವುದುಂಟೇ? ಸಂಕ್ರಾಂತಿಗೆ ಎಳ್ಳು ಬೆಲ್ಲ ತುಂಬಿಕೊಂಡು, ಟ್ಯಾಗಿನ ಹಿಂಬದಿಯಲ್ಲಿ ‘ಮಿಸ್ಸು’ ಎಂದು ಬರೆಸಿಕೊಂಡು ವಾಪಸು ಹೋಗಿತ್ತು. ಅಲ್ಲಿಂದ ಯುಗಾದಿಗೆ ಈ ಕಡೆ, ಗೌರಿಹಬ್ಬಕ್ಕೆ ಆ ಕಡೆ, ಟ್ಯಾಗು ಮಗುಚಿಕೊಳ್ಳುತ್ತಲೇ ಇದೆ. ಮೊನ್ನೆ ಹೊಸದು ಬರೆದುಕೊಡುತ್ತೇನೆಂದು ಅದನ್ನು ಬಿಚ್ಚಿ ತಂದೆ. ತೂತು ಹರಿದಿದೆ, ಬಿಳಿ ಬಣ್ಣ ಎಲ್ಲಿ ಹೋಯಿತೋ, ಎಣ್ಣೆ ಕುಡಿದು ಒಂದು ಬದಿಯ ಹೆಸರು ಇನ್ನೊಂದು ಬದಿಗೆ ಕಾಣುತ್ತದೆ. ಯಾರೂ ಹಚ್ಚದಿದ್ದರೂ ಮೂಲೆಯಲ್ಲಿ ಅಡುಗೆ ಕೈಯ ಅರಿಶಿನ ಹತ್ತಿದೆ.

ಅದನ್ನು ಎತ್ತಿಡೋಣವೆಂದು ಚಿಕ್ಕ ಚೂರುಗಳ ಡಬ್ಬಿಗೆ ಹಿಡಿದೆ, ಮೂಲೆಗಳ ಡಬ್ಬಿಗೆ ಹಿಡಿದೆ. ಗಣೇಶರ ಡಬ್ಬಿಯ ಮುಚ್ಚಳವನ್ನೂ ಒಮ್ಮೆ ತೆರೆದು ನೋಡಿದೆ. ಯಾವುದಕ್ಕೂ ಸೇರಲಿಲ್ಲ. ಹರಿದ ತೂತಿನ ಪಕ್ಕ ಇನ್ನೊಂದು ತೂತು ಹೊಡೆದು, ಆ ತಿಂಡಿ ಡಬ್ಬಿಗೇ ಮತ್ತೆ ಕಟ್ಟಿ ಬಂದೆ.