ಹರಿಹರದ ಗೋಡೆಯ ಮೇಲಿನ ತೂತು

ಹರಿಹರದಲ್ಲಿ ನಮ್ಮ ಅಕ್ಕನ ನಡುಮನೆಯ ಗೋಡೆಗೆ ಒಂದು ಫೋಟೊ ಹಾಕಿದೆ. ಅದರಲ್ಲಿ ಐದು ಜನ ಇದ್ದೇವೆ, ತಲೆ ನಾಲ್ಕೇ. ಅಪ್ಪ, ಅಕ್ಕ, ಭಾವ, ನಾನು, ನಮಗೆಲ್ಲ ತಲೆ ಇದೆ. ಅವ್ವನಿಗೆ ಇಲ್ಲ. ಅವಳ ಹೆಗಲ ಮೇಲೆ ಒಂದು ಚೌಕ ತೂತು, ತೂತಿನ ಹಿಂದೆ ಕಟ್ಟಿನ ರಟ್ಟು ಕಾಣುತ್ತದೆ. ಕತ್ತರಿಸಿದವಳು ನಾನು.

ಅಕ್ಕನ ಹೊಸ ಮನೆಯ ಪ್ರವೇಶದ ದಿನ ತೆಗೆದ ಫೋಟೊ ಅದು. ಅವ್ವ ತನ್ನ ಜನ್ಮದಲ್ಲಿ ಫೋಟೊಕ್ಕೆ ನಿಂತಿದ್ದು ಅದೊಂದೇ ಸಲ. ಮನೆಯಲ್ಲಿ ತೋರಿಸಲೆಂದು ನಾನು ಅದನ್ನು ದಾವಣಗೆರೆಗೆ ತಂದಿಟ್ಟುಕೊಂಡಿದ್ದೆ. ಆಗಲೇ ಅವ್ವನ ವೃದ್ಧಾಪ್ಯ ವೇತನದ ಅರ್ಜಿ ಹಾಕಬೇಕಾಯಿತು. ಅವಳು ಕಾಲು ಮುರಿದುಕೊಂಡು ಮಲಗಿದ್ದಳು, ಸ್ಟುಡಿಯೊಕ್ಕೆ ಹೊತ್ತುಕೊಂಡು ಹೋಗುವಂತಿರಲಿಲ್ಲ. ಅರ್ಜಿಯಲ್ಲಿ ಒಂದು ಚೌಕ ಖಾಲಿ ಇತ್ತು, ಫೋಟೊದಲ್ಲಿ ಒಂದು ತಲೆ ಇತ್ತು. ಅಳತೆ ಹಿಡಿದು ಕತ್ತರಿಸಿ ಅಂಟಿಸಿದೆ. ನಾನು ಕೌದಿ ಹೊಲಿಯುವವಳು. ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ತುಂಡು ಕೂಡಿಸಿ, ಹೊದಿಕೆ ಮಾಡುವುದು ನನ್ನ ಕೆಲಸ. ಒಂದು ಕಡೆ ಬೇಕಾದ ತುಂಡನ್ನು ಇನ್ನೊಂದು ಕಡೆಯಿಂದ ಕತ್ತರಿಸಿ ತೆಗೆಯುವುದು ನನಗೆ ತಪ್ಪು ಅನ್ನಿಸಲಿಲ್ಲ.

ಕಚೇರಿಯ ಗುಮಾಸ್ತ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ಮುಖಾನೇ ಕಾಣಲ್ಲವಲ್ಲಮ್ಮ" ಅಂದ. ನಿನ್ನ ಕಣ್ಣಿಗೆ ಏನಾಗಿದೆ ಅಂತ ಅವನ ಜೊತೆ ಜಗಳ ಆಡಿ, ಅರ್ಜಿ ಒಳಗೆ ಇಡಿಸಿಯೇ ಬಂದೆ. ಎರಡು ತಿಂಗಳಿಗೆ ಅವ್ವ ತೀರಿಕೊಂಡಳು. ಅರ್ಜಿ ವಾಪಸ್ಸು ಕೇಳಲು ಹೋದರೆ ಆ ಗುಮಾಸ್ತ ಬೇರೆ ಊರಿಗೆ ಹೋಗಿದ್ದ, ಅರ್ಜಿ ಯಾರಿಗೂ ಸಿಗಲಿಲ್ಲ.

ತೂತು ಬಿದ್ದ ಫೋಟೊವನ್ನು ಬೇರೆಯವರಾದರೆ ಪೆಟ್ಟಿಗೆಯ ತಳಕ್ಕೆ ಹಾಕುತ್ತಿದ್ದರು. ನಮ್ಮ ಅಕ್ಕ ಅದಕ್ಕೆ ಹೊಸ ಕಟ್ಟು ಹಾಕಿಸಿ, ಬಾಗಿಲು ದಾಟಿದ ಕೂಡಲೆ ಕಣ್ಣಿಗೆ ಬೀಳುವ ಜಾಗದಲ್ಲಿ ತೂಗುಹಾಕಿದಳು. ಬಂದವರು ಇದೇನು ಎಂದು ಕೇಳಿಯೇ ಕೇಳುತ್ತಾರೆ. ನಾನು ಅಲ್ಲೇ ಕೂತಿದ್ದರೂ, "ನಮ್ಮ ತಂಗಿ ಕೆಲಸ. ಕತ್ತರಿ ಕೈಯಾಗಿದ್ರೆ ಹೆತ್ತವ್ವನ ತಲಿನೂ ಬಿಡಲ್ಲ" ಎಂದು ಹೇಳಿ ಚಹಾ ಕೊಡುತ್ತಾಳೆ. ಮೂವತ್ತು ವರ್ಷ ಈ ಮಾತು ಕೇಳಿ ಆ ಚಹಾ ಕುಡಿದಿದ್ದೇನೆ.

ಹೋದ ವರ್ಷ ಅಕ್ಕನ ಕಣ್ಣಿನ ಪೊರೆ ತೆಗೆದರು. ನೋಡಲು ಹೋದೆ. ಅವಳು ಹೊಸ ಕಣ್ಣಲ್ಲಿ ಗೋಡೆಯ ಸುಣ್ಣ ಉದುರಿದ್ದು, ನನ್ನ ಕುಪ್ಪಸದ ಹೊಲಿಗೆ ಬಿಟ್ಟಿದ್ದು ಎಲ್ಲ ನೋಡಿ ಹೇಳಿ ಮುಗಿಸಿ, ಆಮೇಲೆ ಫೋಟೊದ ಕಡೆ ತಿರುಗಿದಳು. ಮಹಾಲಯ ಅಮಾವಾಸ್ಯೆಗೆ ನಾವು ಹಿರಿಯರಿಗೆ ಎಡೆ ಇಡುತ್ತೇವೆ. ಅಪ್ಪನದು ಬೇರೆ ಒಂದು ಫೋಟೊ ಇದೆ, ಅದನ್ನು ಇಡುತ್ತಾರೆ. ಅವ್ವನ ಬದಲು ಒಂದು ಹಿತ್ತಾಳೆ ತಂಬಿಗೆ ಇಟ್ಟು, ಅದಕ್ಕೆ ಕುಪ್ಪಸದ ಬಟ್ಟೆ ಸುತ್ತುತ್ತಾರೆ.

"ಇಷ್ಟು ವರ್ಷ ತಂಬಿಗಿಗೆ ಕೈ ಮುಗಿದೀನಿ," ಅಂದಳು ಅಕ್ಕ. "ಈ ಸಲ ನನಗೆ ಅವ್ವನ ಮುಖ ಬೇಕು. ಮುಂದಿನ ವರ್ಷ ನಾನು ಎಡೆ ಇಡೋ ಕಡೆ ಇರ್ತೀನೋ, ಉಣ್ಣೋ ಕಡೆ ಇರ್ತೀನೋ. ನೀನೇ ಕತ್ತರಿಸಿದ್ದು, ನೀನೇ ಹಚ್ಚು."

ಎಲ್ಲಿಂದ ತರಲಿ ಎಂದು ಕೇಳಿದೆ. ಅದು ನನಗೆ ಗೊತ್ತಿಲ್ಲ ಅಂದಳು. ಅಮಾವಾಸ್ಯೆಗೆ ಮೂರು ತಿಂಗಳಿತ್ತು.

ಫೋಟೊವನ್ನು ನನ್ನ ಕೈಗೆ ಕೊಡಲು ಅವಳು ಒಪ್ಪಲಿಲ್ಲ. ಗೋಡೆಯ ಮೇಲಿರುವಾಗಲೇ ಫೋನಿನಲ್ಲಿ ಅದರ ಫೋಟೊ ತೆಗೆದುಕೊಂಡು ಬಂದೆ. ಫೋನು ಸೊಸೆಯದು, ಅವಳು ಹೊಸದು ಕೊಂಡ ಮೇಲೆ ಹಳೆಯದು ನನಗೆ ಬಂದಿತ್ತು. ದಾವಣಗೆರೆಯಲ್ಲಿ ಒಂದು ಸ್ಟುಡಿಯೊಕ್ಕೆ ಹೋಗಿ ಕೇಳಿದೆ. ಹಾಳಾದ ಮುಖವಾದರೆ ಸರಿಮಾಡಬಹುದು, ಇಲ್ಲದ ಮುಖವನ್ನು ಎಲ್ಲಿಂದ ತರಲಿ ಅಂದ ಅವನು. ಹಾಗೆನ್ನುತ್ತಲೇ ಬೇರೆ ಯಾರದೋ ಫೋಟೊಕ್ಕೆ ಕೋಟು ತೊಡಿಸುತ್ತಿದ್ದ. ಸತ್ತ ಮುದುಕ, ಬನಿಯನ್ನಿನಲ್ಲಿದ್ದ. ಎಲ್ಲಿಂದಲೋ ಒಂದು ಕೋಟನ್ನು ತಂದು ಅವನ ಮೇಲೆ ಹಾಸಿ, ಅಂಚು ಒತ್ತಿ, ಬೇಡವಾದ್ದನ್ನು ಒರೆಸಿದ. ನಾನು ಅವನ ಹಿಂದೆ ನಿಂತು ನೋಡಿದೆ. ಕೆಳಗೊಂದು ಪದರು, ಮೇಲೊಂದು ಪದರು, ಅಂಚು ಕೂಡಿಸುವುದು. ಇದು ಕೌದಿಯ ಕೆಲಸ, ದಾರ ಮಾತ್ರ ಇಲ್ಲ. ಎಲ್ಲಿ ಕಲಿತೆ ಎಂದು ಕೇಳಿದೆ. ವಿಡಿಯೊ ನೋಡಿ ಅಂದ.

ನಿಟ್ಟುವಳ್ಳಿಯ ನಮ್ಮ ಮನೆಯ ಜಗುಲಿಯಲ್ಲಿ ಕೂತು ಫೋನಿನ ಬಾಯಿಗೆ ನನ್ನ ಬಾಯಿ ಹಿಡಿದು, ಫೋಟೊದಾಗಿನ ತೂತು ಮುಚ್ಚೋದು ಹೆಂಗೆ ಎಂದೆ. ಗೋಡೆಗೆ ಸಿಮೆಂಟು ಮೆತ್ತುವುದನ್ನು ತೋರಿಸಿತು. ಅದನ್ನೂ ಪೂರ್ತಿ ನೋಡಿದೆ, ಚೆನ್ನಾಗಿ ಮೆತ್ತಿದ. ಸೊಸೆ ಬಂದು ಏನು ಕೇಳಬೇಕೆಂದು ಹೇಳಿಕೊಟ್ಟಳು. ಆಮೇಲೆ ಬಂದವು ನೋಡಿ, ಒಂದರ ಹಿಂದೆ ಒಂದು. ಕನ್ನಡದಲ್ಲಿ ಹೇಳುವವನೊಬ್ಬ ಇದ್ದ, ಅವನು ಕೆಲಸ ಶುರುಮಾಡುವ ಹೊತ್ತಿಗೆ ನನ್ನ ಅನ್ನ ಸೀದುಹೋಗುತ್ತಿತ್ತು, ಅಷ್ಟು ಪೀಠಿಕೆ. ಹಿಂದಿಯಲ್ಲಿ ಹೇಳುವ ಒಬ್ಬ ಹುಡುಗಿ ಒಳ್ಳೆಯವಳು. ಮುಖ ತೋರಿಸುವುದಿಲ್ಲ, ಬೆರಳು ಮಾತ್ರ. ಅವಳ ಮಾತು ನನಗೆ ತಿಳಿಯುವುದಿಲ್ಲ, ಬೆರಳು ತಿಳಿಯುತ್ತದೆ. ಹೊಲಿಗೆಯನ್ನೂ ನಾನು ಹಾಗೆಯೇ ಕಲಿತವಳು.

ಒಂದೇ ಫೋನಾದ್ದರಿಂದ ನೋಡುವಾಗ ಮಾಡುವಂತಿಲ್ಲ, ಮಾಡುವಾಗ ನೋಡುವಂತಿಲ್ಲ. ಬರೆದುಕೊಳ್ಳೋಣವೆಂದರೆ ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಒಂದು ಸಾಲು ಬರೆಯುವುದರಲ್ಲಿ ಆ ಹುಡುಗಿ ಹತ್ತು ಕಡೆ ಒತ್ತಿರುತ್ತಾಳೆ. ಹೀಗಾಗಿ ಒಂದು ಬಿಳಿ ಬಟ್ಟೆ ತುಂಡಿನ ಮೇಲೆ ಹೊಲಿದುಕೊಂಡೆ. ಮೊದಲು ಒತ್ತುವ ಗುರುತು ಯಾವುದು, ಅದರ ಮುಂದೆ ಯಾವುದು, ಚೌಕ, ಕತ್ತರಿ, ಹನಿ, ಬಾಗಿದ ಬಾಣ, ಹೀಗೆ ಸಾಲಾಗಿ ಕಪ್ಪು ದಾರದಲ್ಲಿ. ಸೊಸೆ ಅದನ್ನು ನೋಡಿ, ಅತ್ತಿ ಫೋನಿಗೆ ಕೂಸಿನ ಕುಂಚಿಗಿ ಹೊಲಿತಾಳೆ ಎಂದು ಮನೆಯವರಿಗೆಲ್ಲ ಹೇಳಿದಳು.

ಬಾಗಿದ ಬಾಣ ಎಂದರೆ ಈಗ ಮಾಡಿದ್ದನ್ನು ವಾಪಸ್ಸು ತೆಗೆಯುವ ಗುರುತು. ಒತ್ತಿದರೆ ಒಂದು ಹೆಜ್ಜೆ ಹಿಂದೆ. ಇನ್ನೊಮ್ಮೆ ಒತ್ತಿದರೆ ಇನ್ನೊಂದು. ಅದನ್ನು ಕಲಿತ ದಿನ ನಾನು ಬೇರೆ ಏನೂ ಮಾಡಲಿಲ್ಲ, ಕೆಡಿಸುವುದು, ವಾಪಸ್ಸು ತರುವುದು, ಅಷ್ಟೇ. ನಮ್ಮ ಬೀದಿಯ ಕರೆಂಟು ಕಂಬ ತೆಗೆದೆ. ಎದುರುಮನೆಯವರ ಬೈಕಿಗೆ ಹಸಿರು ಬಣ್ಣ ಹಚ್ಚಿದೆ. ಬೇವಿನ ಮರವನ್ನು ನನ್ನ ಮುಖದೊಳಗೆ ಇಟ್ಟೆ, ಕಣ್ಣಿನಲ್ಲಿ ಎಲೆ ಬಂದವು. ಹರಿಹರದ ಹೊಳೆಯ ಫೋಟೊ ತೆಗೆದುಕೊಂಡಿದ್ದೆ, ಅದರ ಸೇತುವೆ ಒರೆಸಿಹಾಕಿದೆ. ಹೊಳೆ ಮಾತ್ರ ಉಳಿಯಿತು, ಅಷ್ಟಗಲ. ನೀರನ್ನು ಪಕ್ಕದ ನೀರಿನಿಂದಲೇ ತೆಗೆದು ತೇಪೆ ಹಾಕುತ್ತದೆ ಆ ಯಂತ್ರ. ಎಲ್ಲಿ ಕೂಡಿಸಿದೆ ಎಂದು ಎಷ್ಟು ಹುಡುಕಿದರೂ ನನಗೆ ಹೊಲಿಗೆ ಸಿಗಲಿಲ್ಲ. ನನ್ನ ಕೈಯ ಹೊಲಿಗೆ ಅಷ್ಟು ಚೆನ್ನಾಗಿಲ್ಲ.

ಆದರೆ ಮುಖವನ್ನು ಅದು ಪಕ್ಕದಿಂದ ತೆಗೆಯಲಾರದು. ಅವ್ವನ ಪಕ್ಕ ಇದ್ದದ್ದು ಬಾಗಿಲ ತೋರಣ. ಒರೆಸಿ ಮುಚ್ಚು ಎಂದರೆ ಅವ್ವನ ಹೆಗಲ ಮೇಲೆ ಮಾವಿನೆಲೆ ತಂದು ಕೂಡಿಸಿತು.

ಅಕ್ಕನಿಗೆ ಅವ್ವನ ಕಣ್ಣು ಎಂದು ಎಲ್ಲರೂ ಹೇಳುತ್ತಿದ್ದರು. ಅಕ್ಕನ ಮುಖವನ್ನೇ ತಂದು ಕೂಡಿಸೋಣ ಎಂದುಕೊಂಡು ಬಸ್ಸು ಹತ್ತಿದೆ. ವಯಸ್ಸು ಹೊಂದುವುದಿಲ್ಲ ಎಂಬ ಯೋಚನೆ ನನಗೆ ಬರಲಿಲ್ಲ. ಆ ಕಾಲದ ಹೆಂಗಸರು ಅರವತ್ತಕ್ಕೇ ಎಪ್ಪತ್ತರ ಹಾಗೆ ಕಾಣುತ್ತಿದ್ದರು. ಅಕ್ಕನನ್ನು ಕಿಟಕಿಯ ಹತ್ತಿರ ಕೂಡಿಸಿ ತೆಗೆದೆ. ಫೋನು ತನ್ನಷ್ಟಕ್ಕೆ ತಾನೇ ಅವಳ ಸುಕ್ಕನ್ನೆಲ್ಲ ಇಸ್ತ್ರಿ ಮಾಡಿಬಿಟ್ಟಿತು, ಹಣೆಯ ವಿಭೂತಿಯನ್ನೂ ಅರ್ಧ ತಿಂದಿತು. ಅಕ್ಕ ಅದನ್ನು ನೋಡಿ, ಇದೊಂದು ಇರಲಿ, ಅಳಿಸಬ್ಯಾಡ ಅಂದಳು. ಸೊಸೆಗೆ ಫೋನು ಮಾಡಿ, ಆ ಇಸ್ತ್ರಿ ಎಲ್ಲಿ ನಿಲ್ಲಿಸುವುದೆಂದು ಕೇಳಿ, ಮತ್ತೆ ತೆಗೆದೆ.

ಎರಡು ವಾರ ಬಡಿದಾಡಿದೆ. ಅಕ್ಕನ ಮುಖ ಹೊಸ ಬಟ್ಟೆಯ ಹಾಗೆ ಹೊಳೆಯುತ್ತಿತ್ತು, ಹಳೆಯ ಫೋಟೊ ಮಾಸಿ ಕೆಂಚಗಾಗಿತ್ತು. ಹಳೆಯ ಕೌದಿಗೆ ಹೊಸ ತುಂಡು ಹಾಕುವ ಮೊದಲು ನಾಲ್ಕು ಸಲ ಒಗೆದು ಬಣ್ಣ ಬಿಡಿಸಬೇಕು. ಬಣ್ಣ ಬಿಡಿಸುವುದು ಹೇಗೆಂದು ಹುಡುಗಿಯ ಬೆರಳು ತೋರಿಸಿಕೊಟ್ಟಿತು. ಅವ್ವನ ಹಣೆಯಲ್ಲಿ ಹಚ್ಚೆ ಇತ್ತು, ಹುಬ್ಬಿನ ನಡುವೆ ಒಂದು ನಿಂತ ಗೆರೆ, ಕೆಳಗೊಂದು ಚುಕ್ಕೆ. ಅದನ್ನು ಬೆರಳಿನಿಂದ ಬರೆದರೆ ಪೆನ್ನಿನಲ್ಲಿ ಗೀಚಿದ ಹಾಗೆ ಕಂಡಿತು. ಹಚ್ಚೆ ಚರ್ಮದ ಮೇಲೆ ಇರುವುದಿಲ್ಲ, ಒಳಗಿರುತ್ತದೆ. ಅದಕ್ಕೇ ಗೆರೆಯ ಪದರನ್ನು ಕೆಳಗೆ ತಳ್ಳಿ, ಮೇಲಿನ ಚರ್ಮದ ಪದರನ್ನು ತೆಳ್ಳಗೆ ಮಾಡಿದೆ. ಆಗ ಹಸಿರಾಗಿ ಒಳಗಿಂದ ಕಂಡಿತು. ಇದನ್ನು ಯಾವ ವಿಡಿಯೊದಲ್ಲೂ ಹೇಳಿರಲಿಲ್ಲ. ಆ ಹೊತ್ತಿಗೆ ನಾನು ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬಂದೆ.

ಹರಿಹರಕ್ಕೆ ಹೋಗಿ ತೋರಿಸಿದೆ. ಅಕ್ಕ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು.

"ಇದು ನಾನು," ಅಂದಳು.

"ಹಣಿ ಮ್ಯಾಲಿನ ಹಚ್ಚಿ ನೋಡು."

"ಹಚ್ಚಿ ಹಾಕ್ಕೊಂಡಿರೋ ನಾನು. ನನ್ನ ಮುಂದ ನಾನೇ ಎಡಿ ಇಟ್ಕೊಂಡು ಕೂಡ್ಲಾ?"

ಅವಳ ಮಾತು ಸರಿಯಾಗಿತ್ತು. ಬೇಕಾದರೆ ಗಲ್ಲ ನನ್ನದು ಹಾಕುತ್ತೇನೆ ಅಂದೆ. ಆಗ ಅದು ನಾವಿಬ್ಬರೂ ಆಗುತ್ತದೆ, ಅವ್ವ ಎಲ್ಲಿ ಬಂದಳು ಅಂದಳು. ಅವ್ವನ ಬಾಯಿ ಹೇಗಿತ್ತು ಹೇಳು ಎಂದು ಕೇಳಿದೆ. ನೆನಪಿಲ್ಲ ಅಂದಳು. ನನಗೂ ನೆನಪಿರಲಿಲ್ಲ. ಬೈಗುಳ ಎಲ್ಲ ನೆನಪಿದ್ದವು, ಅವು ಬಂದ ಬಾಯಿ ನೆನಪಿಲ್ಲ. ಅಮಾವಾಸ್ಯೆಗೆ ಹನ್ನೆರಡು ದಿನ ಉಳಿದಿತ್ತು. ಬಿಡು, ತಂಬಿಗೆಯನ್ನೇ ತೊಳೆದಿಡುತ್ತೇನೆ ಎಂದು ಅಕ್ಕ ಒಳಗೆ ಹೋದಳು. ಬೈದಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಬೈಯಲಿಲ್ಲ.

ಮಾರನೇ ದಿನ ನಾನು ಕೂಡಿಸಿದ್ದನ್ನೆಲ್ಲ ಬಾಗಿದ ಬಾಣ ಒತ್ತಿ ತೆಗೆದುಹಾಕಿದೆ. ತೂತು ಮತ್ತೆ ಬಂತು. ಕೌದಿಯಲ್ಲಿ ನಾವು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತೇವೆ. ನಾನು ಇಷ್ಟು ದಿನ ನೇರ ನಡುವಿಗೇ ಕೈ ಹಾಕಿದ್ದೆ. ಈ ಸಲ ಅಂಚು ನೋಡೋಣ ಎಂದು ಎರಡು ಬೆರಳಿನಿಂದ ಅಗಲಿಸಿ, ತೂತಿನ ಸುತ್ತ ಇರುವೆ ನಡೆದ ಹಾಗೆ ನಡೆದೆ. ಮೇಲೆ ತೋರಣ. ಎಡಕ್ಕೆ ಭಾವನ ಹೆಗಲು. ಕೆಳಗೆ ಅವ್ವನ ಬಲಗೈ. ಆ ಕೈಯನ್ನು ನಾನು ಮೂವತ್ತು ವರ್ಷದಿಂದ ನೋಡಿದ್ದೇನೆ, ಗೋಡೆಯ ಮೇಲೆ ಅದು ಬೆರಳುಗುರಿನಷ್ಟು. ಈಗ ಅಂಗೈಯಷ್ಟಾಯಿತು. ಬಳೆಗಳು ಮಣಿಕಟ್ಟಿನಲ್ಲಿ ಇರಲಿಲ್ಲ, ಜಾರಿ ಮೊಣಕೈಯ ಹತ್ತಿರ ಬಂದಿದ್ದವು. ಕೈ ಕೆಳಗಿದ್ದರೆ ಬಳೆ ಮೊಣಕೈ ಕಡೆ ಹೋಗುವುದಿಲ್ಲ. ಅವ್ವ ಕೈ ಎತ್ತಿದ್ದಳು. ಕೈಯ ಜೊತೆ ಸೆರಗಿನ ಅಂಚೂ ಮೇಲಕ್ಕೆ ಹೋಗಿ, ತೂತಿನಲ್ಲಿ ಕಾಣದಾಗಿತ್ತು.

ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಫೋಟೊದಲ್ಲಿ ಅವಳ ಬಾಯಿ ಇರಲೇ ಇಲ್ಲ. ಕತ್ತರಿಸುವಾಗ ನಾನು ಅಳತೆ ನೋಡಿದ್ದೆ, ಮುಖ ನೋಡಿರಲಿಲ್ಲ. ಆ ಗುಮಾಸ್ತ ಸತ್ಯವನ್ನೇ ಹೇಳಿದ್ದ. ಅವನು ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ, ನಾನು ಅವನಿಗೆ ಅಂದದ್ದು ಬಹಳ ಇದೆ.

ಅವ್ವ ಯಾಕೆ ಬಾಯಿ ಮುಚ್ಚಿಕೊಂಡಿದ್ದಳು ಎಂದು ಅಕ್ಕನಿಗೆ ಫೋನು ಮಾಡಿ ಕೇಳಿದೆ.

"ಮುಂದಿನ ಹಲ್ಲು ಬಿದ್ದಿದ್ವು," ಅಂದಳು. "ಮನಿ ಪ್ರವೇಶದ ಹಿಂದಿನ ವಾರ. ಬೊಚ್ಚುಬಾಯಿ ನಿನ್ನ ಗೋಡಿ ಮ್ಯಾಲೆ ಬ್ಯಾಡ ಅಂತ ನನಗೇ ಹೇಳಿದ್ಲು. ಹೆಂಗೆ ಮರೆತೆ ನಾನು?"

ಮತ್ತೆ ಬಸ್ಸು. ಅಕ್ಕನನ್ನು ಮತ್ತೆ ಕಿಟಕಿಯ ಹತ್ತಿರ ಕೂಡಿಸಿ, ಸೆರಗಿನಿಂದ ಬಾಯಿ ಮುಚ್ಚಿಕೋ ಅಂದೆ. ಬಾಯಿ ಮುಚ್ಚಿದರೆ ಕಣ್ಣು ಬೇರೆಯಾಗುತ್ತದೆ. ಅದು ನನಗೆ ಗೊತ್ತಿರಲಿಲ್ಲ. ನಿನ್ನ ಬಾಯಿ ಮುಚ್ಚಿದ್ದು ನೋಡಿ ನನಗೆ ಎಷ್ಟೋ ವರ್ಷವಾಯಿತು ಅಂದೆ, ಅವಳು ಸೆರಗಿನೊಳಗೆ ನಕ್ಕಳು. ಆಗಲೇ ತೆಗೆದೆ. ಆ ಫೋಟೊದಿಂದ ಕಣ್ಣು ಮತ್ತು ಹಣೆ ಮಾತ್ರ ತೆಗೆದುಕೊಂಡೆ. ಸೆರಗನ್ನು ಅವ್ವನ ಸೀರೆಯಿಂದಲೇ ತೆಗೆದು, ಕೈಯಿಂದ ಮೇಲಕ್ಕೆ ಎಳೆದು ಮೂಗಿನ ತನಕ ತಂದೆ. ಅಂಚಿನಿಂದ ನಡುವಿಗೆ. ಹಚ್ಚೆ ಇಟ್ಟಿದ್ದು ಕೊನೆಗೆ.

ಅವ್ವನೊಬ್ಬಳನ್ನೇ ಬೇರೆ ಮಾಡಿ ಮುದ್ರಿಸಲು ಕೊಟ್ಟೆ. ಸ್ಟುಡಿಯೊದವನು ಮುದ್ರಿಸುವ ಮೊದಲು ಸ್ವಲ್ಪ ಬೆಳ್ಳಗೆ ಮಾಡ್ತೀನಿ ಅಂದ. ಬೆರಳು ಮುಟ್ಟಿಸಬೇಡ ಅಂದೆ.

ಅಮಾವಾಸ್ಯೆಯ ದಿನ ಅಕ್ಕನ ಕೈಗೆ ಕೊಟ್ಟೆ. ಕನ್ನಡಕ ಹಾಕಿ ನೋಡಿದಳು. ತಂಬಿಗೆಗೆ ಸುತ್ತಿದ್ದ ಕುಪ್ಪಸದ ಬಟ್ಟೆಯನ್ನು ಬಿಚ್ಚಿ, ಮಡಚಿ, ಅಪ್ಪನ ಪಕ್ಕ ಇಟ್ಟ ಹೊಸ ಫೋಟೊದ ಮುಂದೆ ಹಾಸಿದಳು. ತಂಬಿಗೆಯನ್ನು ಅಡುಗೆಮನೆಗೆ ಕಳಿಸಿದಳು, ಮಧ್ಯಾಹ್ನ ನಾವು ಅದರಲ್ಲೇ ನೀರು ಕುಡಿದೆವು.

ಎಡೆ ನೋಡಲು ಪಕ್ಕದ ಮನೆಯ ಹೆಂಗಸು ಬಂದಳು. ಅಪ್ಪನ ಬಾಜು ಕೂತವರು ಯಾರು ಎಂದು ಕೇಳಿದಳು. ತೂತಿನ ಫೋಟೊ ಅವಳ ತಲೆಯ ಮೇಲೆಯೇ ಗೋಡೆಯಲ್ಲಿತ್ತು. ಕತ್ತರಿಯ ಮಾತು ಈಗ ಬರುತ್ತದೆ ಎಂದು ನಾನು ಹೋಳಿಗೆ ಕೈಯಲ್ಲಿ ಹಿಡಿದು ಕಾದೆ.

"ನಮ್ಮವ್ವ ರೀ," ಅಂದಳು ಅಕ್ಕ. "ಹಲ್ಲು ಬಿದ್ದಿದ್ವು. ಅದಕ್ಕೇ ನಾಚ್ಕೊಂಡು ಮುಚ್ಕೊಂಡಾಳೆ."

ಅಷ್ಟೇ ಹೇಳಿದಳು. ನಾನು ಹೋಳಿಗೆ ತಿಂದೆ.

ಸಂಜೆ ಬಸ್‌ಸ್ಟ್ಯಾಂಡಿಗೆ ಹೊರಟಾಗ ಬಾಗಿಲ ತನಕ ಬಂದು, ಫೋನಿನಲ್ಲಿ ಸುಕ್ಕು ಇಸ್ತ್ರಿ ಮಾಡಿದ ತನ್ನ ಫೋಟೊ ಇನ್ನೂ ಇದೆಯೋ ಎಂದು ಕೇಳಿದಳು. ಇದೆ ಅಂದೆ.

"ಅದನ್ನ ತೆಗೆದಿಡು. ನನ್ನ ಪಾಳಿ ಬಂದಾಗ ಅದನ್ನೇ ಇಡ್ರಿ. ಬಾಯಿ ಮುಚ್ಚಬ್ಯಾಡ, ನನಗೆ ಹಲ್ಲು ಅದಾವೆ."

ವಿಭೂತಿ ಅರ್ಧ ಹೋಗಿದೆಯಲ್ಲ ಅಂದೆ. ಅದನ್ನು ನೀನು ಹಚ್ಚು ಅಂದಳು. ಈಗ ಅದನ್ನು ಹಚ್ಚುತ್ತಿದ್ದೇನೆ. ವಿಭೂತಿ ಹಚ್ಚೆಯ ಹಾಗಲ್ಲ, ಚರ್ಮದ ಮೇಲೆ ಪುಡಿಯಾಗಿ ಕೂರಬೇಕು, ಸುಕ್ಕಿದ್ದಲ್ಲಿ ಒಡೆಯಬೇಕು. ಇಸ್ತ್ರಿ ಮಾಡಿದ ಹಣೆಯ ಮೇಲೆ ಅದು ಒಡೆಯುತ್ತಿಲ್ಲ. ಹುಡುಗಿಯ ಬೆರಳನ್ನು ಮತ್ತೆ ನೋಡುತ್ತಿದ್ದೇನೆ.