ಸಿ ಗ್ರೇಡಿನ ಸೀಟು

ನಾಯಂಡಹಳ್ಳಿಯ ಗ್ಯಾರೇಜೊಂದರಲ್ಲಿ ನಾನು ಕಾರಿನ ಸೀಟಿಗೆ ಕವರ್ ಹೊಲಿಯುತ್ತಿದ್ದೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಎಂಟು ತಿಂಗಳ ಮಗಳನ್ನೂ ಜೊತೆಗೇ ಒಯ್ಯುತ್ತಿದ್ದೆ. ಒಂದು ಬೆಳಿಗ್ಗೆ ರಾಜಾಜಿನಗರದ ಯಜಮಾನರೊಬ್ಬರು ಹಳೇ ಕಾರು ತಂದರು. ಅವರ ತಮ್ಮ ಜಪಾನಿನ ಹರಾಜಿನಲ್ಲಿ ಕೊಂಡು ಹಡಗಿನಲ್ಲಿ ಕಳಿಸಿದ್ದನಂತೆ. ಕಾರಿನ ಸ್ಥಿತಿ ನೋಡಿ ಹರಾಜಿನವರು ಗ್ರೇಡು ಬರೆದುಕೊಟ್ಟ ಚೀಟಿ ಹಿಡಿದು ಅರ್ಧ ಗಂಟೆ ಪಾಠ ಮಾಡಿದರು.

"ಅಂಕಿ ಇಡೀ ಕಾರಿಗೆ, ಅಕ್ಷರ ಒಳಭಾಗಕ್ಕೆ. ಐದಕ್ಕೆ ನಾಲ್ಕು ಬಂದಿದೆ, ಗೊತ್ತೇನಮ್ಮಾ?"

ಸಂಜೆ ಬಂದವರು, ನಾನು ಕವರ್ ಬಿಚ್ಚಿಟ್ಟಿದ್ದ ಹಿಂದಿನ ಸೀಟಿನಲ್ಲಿ ದೊಡ್ಡ ಕಂದು ಕಲೆ ನೋಡಿ ಕೂಗಾಡಿದರು.

"ನಿನ್ನ ಮಗು ಉಚ್ಚೆ ಹೊಯ್ದಿದೆ!"

ಗ್ಯಾರೇಜಿನ ಮೇಸ್ತ್ರಿಯೂ ಮುಖ ಗಂಟಿಕ್ಕಿದ. "ಮಗು ತರೋ ಹಾಗಿದ್ರೆ ನಾಳೆಯಿಂದ ನೀನೂ ಬರಬೇಡಮ್ಮ."

ಅಳುವಷ್ಟು ತ್ರಾಣವೂ ನನಗಿರಲಿಲ್ಲ. "ಸಾರ್, ಚೀಟೀಲಿ ಒಳಭಾಗದ ಅಕ್ಷರ ಯಾವುದು, ಸ್ವಲ್ಪ ಓದಿ," ಅಂದೆ.

"ಸಿ," ಅಂದರು.

"ಎ ಅಂದ್ರೆ ಹೊಸದರ ಹಾಗೆ ಅಂತ ಬೆಳಿಗ್ಗೆ ನೀವೇ ಅಂದ್ರಿ. ಸಿ ಅಂದ್ರೆ?"

"ಕಲೆ, ಹರುಕು ಇದ್ರೆ ಕೊಡ್ತಾರೆ," ಎಂದು ಗೊಣಗಿದರು.

"ಹಾಗಾದ್ರೆ ನನ್ನ ಮಗಳು ಜಪಾನಿಗೆ ಹೋಗಿ ಹೊಯ್ದು ಬಂದಳಾ ಸಾರ್?"

ಮೇಸ್ತ್ರಿ ನಕ್ಕುಬಿಟ್ಟ. "ನಾಳೆ ಬೇಗ ಬಾರಮ್ಮ, ಮಗೂನೂ ಕರ್ಕೊಂಡು ಬಾ," ಅಂದ. ಯಜಮಾನರು ಮಾತ್ರ, "ಆದ್ರೂ ಐದಕ್ಕೆ ನಾಲ್ಕು," ಅನ್ನುತ್ತಾ ಚೀಟಿ ಮಡಿಚಿದರು.

ಮೂಡಲಪಾಳ್ಯಕ್ಕೆ ಹೋಗುವ ಬಸ್ಸಿನಲ್ಲಿ ಮಗಳು ನನ್ನ ಮಡಿಲು ತೋಯಿಸಿದಳು. ಅವಳನ್ನು ಎತ್ತಿ ಹಿಡಿಯಲೂ ಕೈ ಏಳಲಿಲ್ಲ. ನನ್ನ ಸೀರೆಯ ಕಲೆ ಯಾರದೆಂದು ಹೇಳಲು ಯಾವ ಜಪಾನಿನವರೂ ಬಂದು ಚೀಟಿ ಬರೆಯಬೇಕಿರಲಿಲ್ಲ.