ಮುಂಬಾಗಿಲ ರ‍್ಯಾಂಪ್

ನಮ್ಮ ಮನೆಯ ಒಳಗೆ ನಮ್ಮ ಕಾರುಬಾರು, ಹೊರಗೆ ಊರಿನದು. ಅಮೆರಿಕದ ಲಾಂಗ್ ಬೀಚಿನ ನಮ್ಮ ಬೀದಿಯ ಮನೆಗಳೆಲ್ಲ ನೂರು ವರ್ಷದ ಆಸುಪಾಸಿನವು. ಇಡೀ ಬೀದಿಯನ್ನೇ ಐತಿಹಾಸಿಕ ಎಂದು ಘೋಷಿಸಿ ಕಾಪಾಡುತ್ತಿದ್ದಾರೆ. ಅಡುಗೆಮನೆಗೆ ಯಾವ ಟೈಲ್ಸ್ ಹಾಕಿದರೂ ಯಾರೂ ಕೇಳುವುದಿಲ್ಲ, ಆದರೆ ರಸ್ತೆಯಿಂದ ಕಾಣುವ ಕಿಟಕಿ, ಕಂಬ, ಮೆಟ್ಟಿಲು ಮುಟ್ಟಬೇಕಿದ್ದರೆ ಪರಂಪರೆ ಸಮಿತಿ ಒಪ್ಪಬೇಕು. ಕೊಳ್ಳುವಾಗ ಇದು ನನಗೆ ಹೆಮ್ಮೆಯ ಸಂಗತಿಯಾಗಿತ್ತು. ಬೆಂಗಳೂರಿನಲ್ಲಿ ನಾನು ಓದಿದ ಶಾಲೆಯನ್ನು ಕೆಡವಿ ಕಾಂಪ್ಲೆಕ್ಸ್ ಎಬ್ಬಿಸಿದ್ದನ್ನು ಕಂಡವಳು ನಾನು.

ನನ್ನ ಅತ್ತೆ ಉಡುಪಿಯವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದರು. ನನ್ನ ಸಾರಿಗೆ ಅವರು ಬೆಲ್ಲ ಹಾಕುತ್ತಿದ್ದರು, ಅವರ ಸಾರಿಗೆ ನಾನು ಖಾರ ಹಾಕುತ್ತಿದ್ದೆ. ಅದು ಬಿಟ್ಟರೆ ನಮ್ಮಲ್ಲಿ ಜಗಳವಿರಲಿಲ್ಲ. ದಿನಾ ಬೆಳಿಗ್ಗೆ ಮುಂದಿನ ಮೆಟ್ಟಿಲು ತೊಳೆದು ಅಕ್ಕಿಹಿಟ್ಟಿನ ರಂಗೋಲಿ ಇಡುವುದು ಅವರ ಕೆಲಸ. ನನಗೆ ನೆಟ್ಟಗೆ ಒಂದು ಗೆರೆ ಎಳೆಯಲು ಬರುವುದಿಲ್ಲ.

ಕೋವಿಡ್‌ನ ಎರಡನೆಯ ವರ್ಷ ಅವರು ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಚೇತರಿಕೆಯ ಆರೈಕೆಗೆಂದು ರಿಹ್ಯಾಬ್‌ಗೆ ಸೇರಿಸಿದೆವು. ಇನ್ನು ಮುಂದೆ ಗಾಲಿಕುರ್ಚಿಯೇ ಗತಿ ಎಂದು ಡಾಕ್ಟರು ಹೇಳಿಬಿಟ್ಟರು. ಮುಂಬಾಗಿಲಿಗೆ ಮೆಟ್ಟಿಲುಗಳಿವೆ, ಹಿಂಬಾಗಿಲಿಗೆ ಹೊಸ್ತಿಲು ಮಾತ್ರ. ಮುಂದಿನ ಮೆಟ್ಟಿಲ ಮೇಲೆ ಕುರ್ಚಿ ಹತ್ತಿಸಲು ಇಳಿಜಾರಿನ ರ‍್ಯಾಂಪ್ ಹಾಕುವ ಅರ್ಜಿ ವಿಚಾರಿಸಲು ಹೋದಾಗ ನಗರಸಭೆಯ ಹೆಂಗಸು, ಹಿಂದಿನಿಂದ ಕರೆತಂದರೆ ರಗಳೆಯೇ ಇಲ್ಲವಲ್ಲ ಎಂದು ಸಲಹೆ ಕೊಟ್ಟಳು. ನನಗೂ ಅದೇ ಸರಿ ಎನ್ನಿಸಿತ್ತು.

ಅತ್ತೆ ಒಪ್ಪಲಿಲ್ಲ. ಹಿಂಬಾಗಿಲು ತೆರೆಯುವುದು ಓಣಿಗೆ, ಅಲ್ಲಿ ಸಾಲಾಗಿ ಕಸದ ಡಬ್ಬಗಳು.

"ಈ ಮನೆಗೆ ನಾನು ಮುಂಬಾಗಿಲಿಂದ ಬಂದವಳು. ಕಸದ ಡಬ್ಬದ ಬದಿಯಿಂದ ಒಳಗೆ ತರುದಾದ್ರೆ ಬೇಡ, ನಾನು ಇಲ್ಲೇ ಇರ್ತೇನೆ," ಎಂದರು.

ಹಟ ಎಂದುಕೊಂಡೆ. ಮಗನ ಎದುರು ಅತ್ತು ಕರೆದಿದ್ದರೆ ನಾನೂ ರೇಗಬಹುದಿತ್ತು. ಅವರು ಅಳಲಿಲ್ಲ, ಪಕ್ಕದ ಮಂಚದ ಮೆಕ್ಸಿಕನ್ ಅಜ್ಜಿಯ ಜೊತೆ ಟಿವಿ ನೋಡುತ್ತ ನಿಜವಾಗಿಯೂ ಅಲ್ಲೇ ಉಳಿಯಲು ತಯಾರಾದರು. ವಾರಗಳು ಕಳೆದವು. ಮನೆಯ ಮೆಟ್ಟಿಲು ಬೋಳಾಗಿತ್ತು. ಸಾರಿಗೆ ಬೆಲ್ಲ ನಾನೇ ಹಾಕತೊಡಗಿದೆ. ಕೊನೆಗೆ ಮುಂಬಾಗಿಲಿಗೇ ರ‍್ಯಾಂಪ್ ಬೇಕೆಂದು ಅಪ್ಲೈ ಮಾಡಿದೆವು.

ಸಮಿತಿಯ ಸಭೆ ಜೂಮ್‌ನಲ್ಲಿ ನಡೆಯಿತು. ಅರ್ಜಿಯ ಜೊತೆ ನಾವು ಕಳಿಸಿದ್ದು ಮುಂದಿನ ಮೆಟ್ಟಿಲಿನ ಹಳೆಯ ಫೋಟೊ. ಅದರಲ್ಲಿ ಅತ್ತೆಯ ರಂಗೋಲಿ ದೊಡ್ಡದಾಗಿ ಕಾಣುತ್ತಿತ್ತು. ಸದಸ್ಯರೊಬ್ಬರು ರ‍್ಯಾಂಪಿನ ಸುದ್ದಿ ಬದಿಗಿಟ್ಟು, ಮೂಲ ಮೆಟ್ಟಿಲಿಗೆ ಅನುಮತಿಯಿಲ್ಲದೆ ಬಿಳಿ ಬಣ್ಣ ಬಳಿದದ್ದೇಕೆ ಎಂದು ಕೇಳಿದರು. ಬಂದ ಕೆಲಸ ಕೆಟ್ಟಿತು ಎಂದುಕೊಂಡೆ. ಗಂಡ ಸಮಾಧಾನದಿಂದ ವಿವರಿಸಿದ: ಅದು ಅಕ್ಕಿಹಿಟ್ಟು, ಇರುವೆ ತಿನ್ನುತ್ತದೆ, ಉಳಿದದ್ದು ಮಾರನೆಯ ಬೆಳಿಗ್ಗೆ ಒಂದು ಚೊಂಬು ನೀರಿಗೆ ಹೋಗುತ್ತದೆ. ಆ ಸದಸ್ಯರು ನಕ್ಕುಬಿಟ್ಟರು. ರ‍್ಯಾಂಪೂ ರಂಗೋಲಿಯ ಹಾಗೆಯೇ ಇರಲಿ ಎಂದರು. ಮೆಟ್ಟಿಲಿಗೆ ಮೊಳೆ ಹೊಡೆಯಬಾರದು, ಮರದ ಚೌಕಟ್ಟು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ಅಗತ್ಯ ಮುಗಿದ ಮೇಲೆ ಬಿಚ್ಚಿದರೆ ಗುರುತು ಉಳಿಯಬಾರದು. ಈ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು.

ಅಗತ್ಯ ಮುಗಿಯುವುದು ಎಂದರೇನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಗಂಡ ಅತ್ತೆಗೆ ಆ ಷರತ್ತು ಹೇಳದೆ ನುಂಗಿಕೊಂಡ. ಅವರು ಬಿಡಲಿಲ್ಲ, ಕೆದಕಿ ಕೆದಕಿ ಹೊರಡಿಸಿದರು.

"ನಾನು ಹೋದ ಮೇಲೆ ಬಿಚ್ಚುದು, ಅಷ್ಟೇ ಅಲ್ವಾ? ಒಳ್ಳೇದೇ ಆಯ್ತು. ನಾನಿಡುವ ರಂಗೋಲಿ ಮತ್ತೆಂತ, ವರ್ಷಗಟ್ಲೆ ಉಳೀತದಾ?" ಎಂದರು.

ಆ ರ‍್ಯಾಂಪಿನ ಮೇಲೆ ಅವರನ್ನು ಮನೆಗೆ ಕರೆತಂದೆವು. ಬಾಗಿಲಲ್ಲಿ ನಾನು ಆರತಿ ಎತ್ತಿದೆ. ತಟ್ಟೆ ಸೊಟ್ಟ ಹಿಡಿದಿದ್ದೀ ಎಂದು ಬೈಸಿಕೊಂಡೆ, ಖುಷಿಯಾಯಿತು. ಆಮೇಲೆ ರಂಗೋಲಿ ನನ್ನ ಪಾಲಿಗೆ ಬಂತು. ಅವರು ಕುರ್ಚಿಯಲ್ಲಿ ಕೂತು ಚುಕ್ಕಿ ಹೇಳುವುದು, ನಾನು ತಪ್ಪುವುದು, ಇಬ್ಬರೂ ಕಾಫಿ ಕುಡಿಯುವುದು.

ಹೋದ ವರ್ಷ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೊರಟದ್ದೂ ಮುಂಬಾಗಿಲಿಂದ, ಆ ರ‍್ಯಾಂಪಿನ ಮೇಲೆಯೇ.

ಕೆಲವು ತಿಂಗಳು ಬಿಟ್ಟು ಬಡಗಿ ಬಂದು ಬೋಲ್ಟ್ ಸಡಿಲಿಸಿ ಹಲಗೆಗಳನ್ನು ಒಯ್ದ. ಅವನು ಹೋದ ಮೇಲೆ ನಾನು ಮೆಟ್ಟಿಲ ಮೇಲೆ ಕೂತು ಕೈಯಾಡಿಸಿ ಹುಡುಕಿದೆ. ಒಂದು ಗೀರೂ ಇರಲಿಲ್ಲ. ಅಷ್ಟು ಚೊಕ್ಕವಾಗಿ ಕೆಲಸ ಮಾಡಿದವನ ಮೇಲೆ ಸಿಟ್ಟು ಬಂತು.

ಸಮಿತಿಗೆ ಫೋಟೊ ಕಳಿಸಿ, ಮನೆ ಮೊದಲಿದ್ದ ಹಾಗೆಯೇ ಇದೆ ಎಂದು ಬರೆದು ತಿಳಿಸಬೇಕಿತ್ತು. ಫೋಟೊ ನಾನು ತೆಗೆದೆ. ಆ ಮಾತು ಬರೆಯಲು ನನ್ನಿಂದ ಆಗಲಿಲ್ಲ, ನೀನೇ ಬರೆ ಎಂದು ಗಂಡನಿಗೆ ಹೇಳಿದೆ. ಅವನೂ ಬಹಳ ಹೊತ್ತು ತೆಗೆದುಕೊಂಡ.